ಹುಲ್ಲು ಯಾರದು? ಸೇಂಟ್ ಆಂಡ್ರ್ಯೂಸ್‌ನ ಗಾಲ್ಫ್ ಮತ್ತು ನಮ್ಮ ಗುಡ್ಡಗಳು

ನಮ್ಮ ಚಳವಳಿಯ ವಲಯದಲ್ಲಿ ಗಾಲ್ಫ್ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಅದಕ್ಕೆ ತಕ್ಕ ಕಾರಣಗಳೂ ಇವೆ. 1993ರ ಏಪ್ರಿಲ್ 29ರಂದು ಮಲೇಶಿಯಾದ ಪೆನಾಂಗ್‌ನಲ್ಲಿ ಜಾಗತಿಕ ಗಾಲ್ಫ್ ವಿರೋಧಿ ಆಂದೋಲನ ಆರಂಭವಾದಾಗ ಅದರ ಹಿಂದೆ ಏಷ್ಯಾದ ಹಲವು ದೇಶಗಳ ಕಹಿ ಅನುಭವವಿತ್ತು: ಕಡಿದ ಕಾಡು, ಕೆಟ್ಟ ತೊರೆ, ಒಕ್ಕಲೆದ್ದ ರೈತ. 1995ರಲ್ಲಿ ಮೆಕ್ಸಿಕೋದ ತೆಪೋಸ್ಟ್ಲಾನ್ ಎಂಬ ಬೆಟ್ಟದೂರಿನ ಜನ ತಮ್ಮ ಸಾಮುದಾಯಿಕ ಭೂಮಿಯ ಮೇಲೆ ಬರಲಿದ್ದ ಗಾಲ್ಫ್ ಯೋಜನೆಯ ವಿರುದ್ಧ ಎದ್ದು ಊರಾಡಳಿತವನ್ನೇ ಕೆಳಗಿಳಿಸಿದರು. ಮರುವರ್ಷ ಯೋಜನೆ ಕೈಬಿಟ್ಟುಹೋಯಿತು. ನಮ್ಮ ಓದುಗರಲ್ಲಿ ಹಲವರಿಗೆ ಈ ಕಥನಗಳು ಪರಿಚಿತ.

ಆದರೆ ಗುಡ್ಡಗಾಡಿನಲ್ಲಿ ರೆಸಾರ್ಟು ಕಟ್ಟಬಯಸುವವರು ಇಂಥ ಸಭೆಗಳಿಗೆ ಬರುವಾಗ ಇನ್ನೊಂದು ಕಥನವನ್ನು ಜತೆಗೆ ತರುತ್ತಾರೆ. "ಸ್ಕಾಟ್ಲೆಂಡಿನಲ್ಲಿ ನೂರಾರು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದಾರೆ, ಅಲ್ಲಿಯ ಪ್ರಕೃತಿ ಹಾಳಾಯಿತೇ? ಅದು ಸಾರ್ವಜನಿಕ ಮೈದಾನ, ನೋಡಲು ಎಷ್ಟು ಸುಂದರ!" ಈ ಮಾತಿಗೆ ನಮ್ಮವರು ಸಾಮಾನ್ಯವಾಗಿ ಸಿಟ್ಟಿನಿಂದ ಉತ್ತರಿಸುತ್ತಾರೆ, ಮಾಹಿತಿಯಿಂದಲ್ಲ. ಆ ಮೈದಾನವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಅದರ ಪಕ್ಕದ ಚಿಕ್ಕ ಮೈದಾನದಲ್ಲಿ ಕೋಲು ಹಿಡಿದು ಒಂದು ಸುತ್ತು ಆಡಿಯೂ ಬಂದವನಾಗಿ ನನ್ನ ಅಭಿಪ್ರಾಯ ಹೀಗಿದೆ: ಅವರು ಹೇಳುವ ಸಂಗತಿ ಬಹುಮಟ್ಟಿಗೆ ನಿಜ. ಆ ಸಂಗತಿಯೇ ಅವರ ಯೋಜನೆಗೆ ಅತಿದೊಡ್ಡ ಆಕ್ಷೇಪಣೆಯೂ ಹೌದು.

ಸೇಂಟ್ ಆಂಡ್ರ್ಯೂಸ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸಣ್ಣ ಪಟ್ಟಣ. ಅಲ್ಲಿಯ 'ಲಿಂಕ್ಸ್' ಮೇಲೆ ಆರು ಗಾಲ್ಫ್ ಮೈದಾನಗಳ ಒಂದು ಕುಟುಂಬವೇ ಬೆಳೆದಿದ್ದು, ಅವುಗಳ ಹಿರಿಯಜ್ಜ 'ಓಲ್ಡ್ ಕೋರ್ಸ್'. ಲಿಂಕ್ಸ್ ಎಂಬುದು ಗಾಲ್ಫ್ ಮೈದಾನಕ್ಕಿರುವ ಇನ್ನೊಂದು ಹೆಸರೆಂದು ಅನೇಕರು ತಿಳಿದಿದ್ದಾರೆ. ಮೂಲತಃ ಅದೊಂದು ಭೂರೂಪದ ಹೆಸರು. ಕಡಲಿಗೂ ಉಳುಮೆಯ ಹೊಲಕ್ಕೂ ನಡುವೆ ಗಾಳಿ ತಂದು ಸುರಿದ ಮರಳಿನ ದಿಬ್ಬಗಳ ಪಟ್ಟಿ ಅದು. ಮಣ್ಣಿನ ವಿದ್ಯಾರ್ಥಿಯ ಕಣ್ಣಿಗೆ ಅಲ್ಲಿ ಕಾಣುವುದು ಬಡತನ: ನೀರು ನಿಲ್ಲದ ಮರಳು, ಸಾರಜನಕವಿಲ್ಲ, ಉಪ್ಪುಗಾಳಿ, ಮರ ಮೇಲೇಳದು, ಬೆಳೆ ಬಾರದು. ಬೇಸಾಯಕ್ಕೆ ಒಗ್ಗದ ಕಾರಣಕ್ಕೇ ಅದು ಊರಿನ ಕುರಿಗಳಿಗೆ, ಮೊಲಗಳಿಗೆ, ಬಟ್ಟೆ ಒಣಗಿಸುವವರಿಗೆ, ಆಟವಾಡುವವರಿಗೆ ಉಳಿಯಿತು.

ಇಂಥ ಬಡ ಮಣ್ಣಿನಲ್ಲಿ ಕೆಂಪು ಫೆಸ್ಕ್ಯೂ ಮತ್ತು ಬೆಂಟ್ ಎಂಬ ಎರಡು ಸಣ್ಣ ಎಲೆಯ ಹುಲ್ಲುಗಳು ತಾವಾಗಿ ನೆಲೆಸಿವೆ. ಕುರಿ ಮೊಲಗಳು ಮೇಯ್ದು ಅವನ್ನು ಗಿಡ್ಡವಾಗಿಟ್ಟವು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಮಲಗಿ ಮಲಗಿ ಸವೆದ ಕುಳಿಗಳೇ ಮುಂದೆ 'ಬಂಕರ್' ಎನಿಸಿಕೊಂಡವು ಎಂಬ ಹೇಳಿಕೆಯಿದೆ. ಎಲ್ಲ ಬಂಕರುಗಳೂ ಹಾಗೆ ಹುಟ್ಟಿರಲಾರವಾದರೂ ನೆಲದ ಮೇಲೆ ನಿಂತು ನೋಡಿದವರಿಗೆ ಅದು ಅಸಂಭವವೆನಿಸದು. ಇಲ್ಲಿ ಇನ್ನೊಂದು ಕೃಷಿಶಾಸ್ತ್ರೀಯ ಸೂಕ್ಷ್ಮವಿದೆ. ಈ ಹುಲ್ಲಿಗೆ ಗೊಬ್ಬರ ಹೆಚ್ಚು ಕೊಟ್ಟರೆ ಅದು ಸೊಂಪಾಗುವ ಬದಲು ಸೋಲುತ್ತದೆ. ಸಾರಜನಕ, ರಂಜಕ, ನೀರು ಧಾರಾಳವಾದೊಡನೆ 'ಪೋವಾ ಆನುವಾ' ಎಂಬ ಏಕವರ್ಷೀಯ ಹುಲ್ಲು ನುಗ್ಗಿ ಫೆಸ್ಕ್ಯೂವನ್ನು ಅಟ್ಟುತ್ತದೆ. ಆ ಪೋವಾಕ್ಕೆ ರೋಗ ಬೇಗ, ಬಾಯಾರಿಕೆ ಹೆಚ್ಚು. ಆದಕಾರಣ ಒಳ್ಳೆಯ ಲಿಂಕ್ಸ್ ಪಾಲಕನ ಕೌಶಲ ಹೆಚ್ಚಾಗಿ ಕೊಡದಿರುವುದರಲ್ಲಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮೈದಾನವನ್ನು ನೋಡಿಕೊಂಡ ಹಿರಿಯ ಟಾಮ್ ಮಾರಿಸ್ ಹುಲ್ಲಿನ ಮೇಲೆ ಮುಖ್ಯವಾಗಿ ಹರಡುತ್ತಿದ್ದುದು ಮರಳನ್ನು. ಇಂದು ಅಲ್ಲಿ ಯಂತ್ರಗಳಿವೆ, ನೀರು ಚಿಮುಕಿಸುವ ವ್ಯವಸ್ಥೆಯಿದೆ, ಗೊಬ್ಬರವೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ 2022ರ ಬೇಸಗೆಯಲ್ಲಿ 150ನೆಯ ಓಪನ್ ಪಂದ್ಯಾವಳಿ ಅಲ್ಲಿ ನಡೆದಾಗ ಜಗತ್ತು ಕಂಡದ್ದು ಒಣಗಿ ಕಂದುಬಣ್ಣಕ್ಕೆ ತಿರುಗಿದ ನೆಲವನ್ನು. ಅಲ್ಲಿಯವರಿಗೆ ಅದು ನಾಚಿಕೆಯ ವಿಷಯವಾಗಿ ತೋರಲಿಲ್ಲ.

ವೃತ್ತಿಸಂಬಂಧದ ಕೆಲಸಕ್ಕೆಂದು ಡಂಡಿ ನಗರಕ್ಕೆ ಹೋಗಿದ್ದಾಗ ವಾರಾಂತ್ಯದಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಓಲ್ಡ್ ಕೋರ್ಸಿನಲ್ಲಿ ಆಡಲು ಹ್ಯಾಂಡಿಕ್ಯಾಪ್ ಎಂಬ ಅರ್ಹತೆ ಬೇಕು, ಹೊರಗಿನವರು ಹೆಚ್ಚಾಗಿ ಚೀಟಿ ಎತ್ತುವ ಸರದಿಗೆ ಹೆಸರು ಕೊಡಬೇಕು, ಋತುಕಾಲದಲ್ಲಿ ಒಂದು ಸುತ್ತಿಗೆ 300 ಪೌಂಡಿಗೂ ಮಿಕ್ಕಿ ತೆರಬೇಕು. ನನ್ನಂಥ ಅನನುಭವಿಗೆ ಅದೇ ಆಡಳಿತದ ಬಾಲ್ಗೋವ್ ಎಂಬ ಒಂಬತ್ತು ಕುಳಿಗಳ ಮೈದಾನವಿದೆ. ಅಲ್ಲಿ ಅರ್ಹತೆ ಕೇಳುವುದಿಲ್ಲ. ಬಾಡಿಗೆಯ ಕೋಲುಗಳನ್ನು ಹಿಡಿದು ಶನಿವಾರ ಮಧ್ಯಾಹ್ನ ನಾನು ಆಡಿದ ಆಟವನ್ನು ವರ್ಣಿಸದಿರುವುದೇ ಲೇಸು. ನನ್ನ ಮುಂದೆ ಊರಿನ ಇಬ್ಬರು ಮಕ್ಕಳು ತಾತನೊಡನೆ ಆಡುತ್ತಿದ್ದರು. ಎರಡನೆಯ ಕುಳಿಯ ಬಳಿ ಕರುಣೆಯಿಂದ ನನಗೆ ದಾರಿ ಬಿಟ್ಟುಕೊಟ್ಟರು, ಐದನೆಯದರ ಬಳಿ ಮತ್ತೆ ನನ್ನನ್ನು ಹಿಂದಿಕ್ಕಿದರು. ಕಾಲಡಿಯ ಹುಲ್ಲು ಮೆತ್ತೆಯಂತಿರಲಿಲ್ಲ. ಮೇಯ್ದು ಬಿಟ್ಟ ಗೋಮಾಳದ ನೆಲದಂತೆ ಬಿಗಿಯಾಗಿತ್ತು. ಚೆಂಡು ಗಾಳಿಯಲ್ಲಿ ಹಾರಿದ್ದಕ್ಕಿಂತ ನೆಲದ ಮೇಲೆ ಉರುಳಿದ್ದೇ ಹೆಚ್ಚು.

ಮರುದಿನ ಭಾನುವಾರ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ದೊಡ್ಡ ಪಂದ್ಯಾವಳಿಗಳ ಹೊರತು ಅದು ಊರಿನ ಉದ್ಯಾನ. ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಎಲ್ಲರೂ ಜಗತ್ತಿನ ಅತಿ ಪ್ರಸಿದ್ಧ ಹುಲ್ಲಿನ ಮೇಲೆ ನಡೆದಾಡುತ್ತಾರೆ. ನಾನೂ ಹದಿನೆಂಟು ಕುಳಿಗಳ ಇಡೀ ಸುತ್ತನ್ನು ನಡೆದೆ. ಮೈದಾನದ ಆಕಾರ ಕುರಿಗಾಹಿಯ ಕೊಕ್ಕೆಗೋಲಿನಂತೆ: ಊರಿನಿಂದ ಕಡಲ ಬದಿಗೆ ಹೊರಟು, ಈಡನ್ ನದೀಮುಖದ ಬಳಿ ಬಾಗಿ, ಅದೇ ಪಟ್ಟಿಯಲ್ಲಿ ಹಿಂತಿರುಗುತ್ತದೆ. ಹೋಗುವವರಿಗೂ ಬರುವವರಿಗೂ ನೆಲ ಸಾಲದ್ದರಿಂದ ಏಳು 'ಗ್ರೀನ್'ಗಳನ್ನು ಎರಡೆರಡು ಕುಳಿಗಳು ಹಂಚಿಕೊಂಡಿವೆ. ಎರಡನೆಯದು ಹದಿನಾರನೆಯದರೊಡನೆ, ಮೂರನೆಯದು ಹದಿನೈದನೆಯದರೊಡನೆ, ಹೀಗೆ. ಪ್ರತಿ ಜೋಡಿಯನ್ನು ಕೂಡಿದರೆ ಹದಿನೆಂಟು. ಮೊದಲನೆಯ ಮತ್ತು ಕೊನೆಯ ಕುಳಿಗಳ ಹಾದಿಯನ್ನು ಅಡ್ಡಹಾಯ್ದು ಸಾರ್ವಜನಿಕ ರಸ್ತೆಯೊಂದು ಕಡಲತೀರಕ್ಕೆ ಹೋಗುತ್ತದೆ. ಆಡುವ ದಿನಗಳಲ್ಲೂ ಆಟಗಾರರು ಜನ ದಾಟುವವರೆಗೆ ಕಾಯುತ್ತಾರೆ. ಬೇಲಿಯೆಂಬುದು ನನ್ನ ಕಣ್ಣಿಗೆ ಎಲ್ಲಿಯೂ ದಾರಿಗಡ್ಡವಾಗಿ ಬೀಳಲಿಲ್ಲ.

ಹೊರಹೋಗುವ ಹಾದಿಯ ಬಲಬದಿಗೆ ಹಳದಿ ಹೂವಿನ ಮುಳ್ಳುಪೊದೆಗಳು ದಟ್ಟವಾಗಿವೆ. ಅವು 'ಗೋರ್ಸ್', ದ್ವಿದಳ ಜಾತಿಯ ಸಸ್ಯ. ಆ ಹೂವನ್ನು ಅಲ್ಲಿ ಮೆಚ್ಚಿ ನೋಡಿದ ನಮಗೆ ನೆನಪಿರಬೇಕಾದ ಸಂಗತಿಯೆಂದರೆ, ವಸಾಹತುಕಾಲದಲ್ಲಿ ಇದನ್ನೂ ಇದರ ಬಂಧು ಸ್ಕಾಚ್ ಬ್ರೂಮನ್ನೂ ನೀಲಗಿರಿಗೆ ತಂದು ನೆಟ್ಟರು. ಇಂದು ಎರಡೂ ಅಲ್ಲಿಯ ಎತ್ತರದ ಹುಲ್ಲುಗಾವಲನ್ನು ನುಂಗುತ್ತಿರುವ ಕಳೆಗಳು. ತನ್ನ ನೆಲದಲ್ಲಿ ಮಿತಿಯಲ್ಲಿರುವ ಗಿಡ ಇನ್ನೊಂದು ನೆಲದಲ್ಲಿ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಮೈದಾನಗಳ ವಿಷಯವೂ ಹಾಗೆಯೇ.

ಇನ್ನು ಆ ನೆಲದ ಹಕ್ಕಿನ ಚರಿತ್ರೆ. ನನಗೆ ಹುಲ್ಲಿಗಿಂತ ಮುಖ್ಯವೆನಿಸಿದ್ದು ಇದು. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಲಿಂಕ್ಸಿನಲ್ಲಿ ಮೊಲ ಸಾಕಲು ಊರಿನ ಒಪ್ಪಿಗೆ ಪಡೆದಾಗ ಆದ ಸನ್ನದಿನಲ್ಲಿ, ಆ ನೆಲದಲ್ಲಿ ಗಾಲ್ಫ್, ಕಾಲ್ಚೆಂಡು ಮುಂತಾದ ಆಟಗಳನ್ನಾಡುವ ಊರವರ ಹಕ್ಕನ್ನು ಕಾಯ್ದಿರಿಸಲಾಯಿತು. ದೊಡ್ಡವರು ಅನುಮತಿ ಕೇಳಿದ್ದು ಊರನ್ನು ಎಂಬುದನ್ನು ಗಮನಿಸಬೇಕು. 1797ರಲ್ಲಿ ಸಾಲದಲ್ಲಿ ಮುಳುಗಿದ ಪುರಸಭೆ ಲಿಂಕ್ಸನ್ನು ಕೈಬಿಟ್ಟಿತು. ಅದು ವ್ಯಾಪಾರಿಗಳ ಪಾಲಾಗಿ, ಅವರು ಮೊಲ ಸಾಕಿ ನೆಲವನ್ನೆಲ್ಲ ಬಿಲಮಯ ಮಾಡಿದಾಗ ಊರವರಿಗೂ ಅವರಿಗೂ ಹೊಡೆದಾಟ, ಕೋರ್ಟು, ವರ್ಷಗಟ್ಟಲೆ ವ್ಯಾಜ್ಯ. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದ. ಆದರೆ ಒಬ್ಬ ಒಳ್ಳೆಯ ಜಮೀನುದಾರನ ಮರ್ಜಿಯಲ್ಲಿ ಊರು ಸುಮ್ಮನಿರಲಿಲ್ಲ. 1894ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಪಟ್ಟಣ ತನ್ನ ಲಿಂಕ್ಸನ್ನು ಮರಳಿ ಪಡೆಯಿತು. 1974ರಿಂದ ಶಾಸನಬದ್ಧ ಟ್ರಸ್ಟೊಂದು ಅದನ್ನು ಸಾರ್ವಜನಿಕರ ಪರವಾಗಿ ನಡೆಸುತ್ತಿದೆ. ಮೈದಾನದ ಅಂಚಿನಲ್ಲಿ ಕಲ್ಲಿನ ದೊಡ್ಡ ಕಟ್ಟಡವಿರುವ ಪ್ರತಿಷ್ಠಿತ ಕ್ಲಬ್ಬು ಆ ನೆಲದ ಒಡೆಯನಲ್ಲ. ಅದರ ಸದಸ್ಯರೂ ಅಲ್ಲಿ ಆಡುವ ಹಲವರಲ್ಲಿ ಕೆಲವರು. ಊರಿನ ನಿವಾಸಿಗೆ ರಿಯಾಯಿತಿಯ ವಾರ್ಷಿಕ ಚೀಟಿ ದೊರೆಯುತ್ತದೆ. ಹೊರಗಿನವನಿಂದ ಬಂದ ಹಣದಲ್ಲಿ ಮೈದಾನ ನಡೆಯುತ್ತದೆ.

ಇಡೀ ಸ್ಕಾಟ್ಲೆಂಡಿಗೇ ಅನ್ವಯವಾಗುವ 2003ರ ಭೂಸುಧಾರಣಾ ಕಾಯಿದೆ ಬೇರೆ ಇದೆ. ಅದರ ಪ್ರಕಾರ ಆಟಕ್ಕೆ ಅಡ್ಡಿಯಾಗದಂತೆ, ಗ್ರೀನ್‌ಗಳನ್ನು ತುಳಿಯದಂತೆ, ಯಾರು ಬೇಕಾದರೂ ಯಾವುದೇ ಗಾಲ್ಫ್ ಮೈದಾನವನ್ನು ದಾಟಿ ಹೋಗಬಹುದು. ಖಾಸಗಿ ಮೈದಾನವನ್ನೂ ಸಹ. ನಮ್ಮ ಕಡೆಯ ರೆಸಾರ್ಟಿನ ಗೇಟಿನ ಮುಂದೆ ನಿಂತು ಈ ವಾಕ್ಯವನ್ನು ಮತ್ತೊಮ್ಮೆ ಓದಿಕೊಳ್ಳಬಹುದು.

ಹಾಗಾದರೆ ಜಗತ್ತಿನ ಕಣ್ಣಲ್ಲಿ ಗಾಲ್ಫ್ ಎಂದರೆ ಪಚ್ಚೆಯ ಜಮಖಾನೆ ಎಂಬ ಚಿತ್ರ ಬಂದದ್ದು ಎಲ್ಲಿಂದ? ಸೇಂಟ್ ಆಂಡ್ರ್ಯೂಸ್‌ನಿಂದಲ್ಲ, ಅಮೆರಿಕದ ಆಗಸ್ಟಾದಿಂದ. ಜಾರ್ಜಿಯಾ ರಾಜ್ಯದ ಆ ಖಾಸಗಿ ಕ್ಲಬ್ಬಿನ ಪಂದ್ಯಾವಳಿ 1966ರಲ್ಲಿ ಬಣ್ಣದ ದೂರದರ್ಶನದಲ್ಲಿ ಬಿತ್ತರಗೊಂಡ ಮೇಲೆ, ಒಂದೂ ಒಣ ಎಸಳಿಲ್ಲದ ಹಸಿರು ಎಲ್ಲ ಕಡೆಯ ಆಟಗಾರರ ಹಂಬಲವಾಯಿತು. ಹುಲ್ಲುಹಾಸಿನ ತಜ್ಞರು ಇದನ್ನು 'ಆಗಸ್ಟಾ ಕಾಯಿಲೆ' ಎಂದೇ ಕರೆಯುತ್ತಾರೆ. ಉಷ್ಣ ಪ್ರದೇಶಗಳಿಗೆ ಆ ಹಸಿರನ್ನು ಒದಗಿಸಿದ ಹುಲ್ಲು ಹುಟ್ಟಿದ್ದೂ ಅದೇ ರಾಜ್ಯದ ಟಿಫ್ಟನ್ ಎಂಬಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಗ್ಲೆನ್ ಬರ್ಟನ್ ಎಂಬ ಸಸ್ಯತಳಿ ವಿಜ್ಞಾನಿಯ ಕೈಯಲ್ಲಿ. ಗಣಪತಿಗೆ ನಾವು ಏರಿಸುವ ಗರಿಕೆಯನ್ನು ಆಫ್ರಿಕದ ಅದರ ಸೋದರ ಜಾತಿಯೊಡನೆ ಸಂಕರಿಸಿ ಆತ 'ಟಿಫ್‌ಗ್ರೀನ್' ಪಡೆದ. ಅದರಿಂದ ಗಿಡ್ಡ ರೂಪಾಂತರವಾಗಿ 'ಟಿಫ್‌ಡ್ವಾರ್ಫ್' ಬಂತು. ಎರಡೂ ಬಂಜೆ ಸಸ್ಯಗಳು. ಬೀಜವಾಗದು, ತುಂಡು ನೆಟ್ಟೇ ಹಬ್ಬಿಸಬೇಕು. ನಮ್ಮ ನಾಡಿನ ಗದ್ದೆಬದುವಿನ ಹುಲ್ಲೇ ವೇಷ ಬದಲಿಸಿ ಗೊಬ್ಬರ, ನೀರು, ಔಷಧಗಳ ಬಿಲ್ಲಿನೊಡನೆ ಹಿಂತಿರುಗಿದೆ.

ಬರ್ಟನ್‌ನನ್ನು ಇಲ್ಲಿ ಖಳನನ್ನಾಗಿಸುವುದು ಅನ್ಯಾಯ. ಸಜ್ಜೆಯ 'ಟಿಫ್ಟ್ 23ಎ' ಎಂಬ ಗಂಡು ಬಂಜೆ ತಳಿಯೂ ಆತನದೇ ಕೊಡುಗೆ. ಅದನ್ನು ಬಳಸಿಯೇ ಲೂಧಿಯಾನಾದಲ್ಲಿ ನಮ್ಮ ದೇಶದ ಮೊದಲ ಸಂಕರ ಸಜ್ಜೆ ಎಚ್‌ಬಿ-1 ಸಿದ್ಧವಾಗಿ 1965ರಲ್ಲಿ ಬಿಡುಗಡೆಯಾಯಿತು. ಇಳುವರಿ ಏರಿತು. ಕೆಲವೇ ವರ್ಷಗಳಲ್ಲಿ ಬೂಜುತುಪ್ಪಟ ರೋಗ ಆ ಒಂದೇ ತಾಯಿವಂಶದ ಬೆಳೆಯನ್ನೆಲ್ಲ ಹಿಡಿದು ಕೆಡವಿತು. ಒಂದೇ ತುಂಡಿನಿಂದ ಹಬ್ಬಿಸಿದ ಏಕರೂಪದ ಹುಲ್ಲನ್ನು ನೂರಾರು ಎಕರೆಗೆ ಹಾಸಿದಾಗ ಏನಾಗುತ್ತದೆ ಎಂಬುದನ್ನು ನನ್ನ ವೃತ್ತಿಯವರಿಗೆ ಬೇರೆ ಹೇಳಬೇಕಿಲ್ಲ. ಅಲ್ಲಿ ರೋಗ ಬಂದರೆ ಬೆಳೆನಷ್ಟವೆಂದು ಕೈಬಿಡುವುದಿಲ್ಲ, ಔಷಧ ಹೊಡೆಯುತ್ತಾರೆ.

ಈಗ ಈ ಜಮಖಾನೆಯನ್ನು ಸಹ್ಯಾದ್ರಿಗೆ ತಂದು ಹಾಸಿ ನೋಡೋಣ. ಸೇಂಟ್ ಆಂಡ್ರ್ಯೂಸ್‌ನಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಆಗುಂಬೆಯಲ್ಲಿ 7,000 ಮಿ.ಮೀ. ಮೀರಿ, ಹೆಚ್ಚಿನದು ನಾಲ್ಕು ತಿಂಗಳೊಳಗೆ. ಇಂದಿನ ಮಾದರಿ ಗ್ರೀನನ್ನು ಕಟ್ಟುವ ಕ್ರಮವೆಂದರೆ ಸುಮಾರು 10 ಸೆಂ.ಮೀ. ಜಲ್ಲಿಯ ಮೇಲೆ 30 ಸೆಂ.ಮೀ. ಮರಳು, ಅಡಿಯಲ್ಲಿ ನೀರು ಬಸಿಯುವ ಕೊಳವೆ. ನೀರು ಕ್ಷಣಮಾತ್ರವೂ ನಿಲ್ಲಬಾರದೆಂಬುದೇ ಅದರ ಉದ್ದೇಶ. ಇಂಥ ಜರಡಿಯ ಮೇಲೆ ಹಾಕಿದ ಸಾರಜನಕ ಆಷಾಢದ ಒಂದು ರಾತ್ರಿಯ ಮಳೆಗೆ ಎಲ್ಲಿಗೆ ಹೋಗುತ್ತದೆ? ಕೆಳಗಿನ ಹಳ್ಳಕ್ಕೆ. ಮತ್ತೆ ಹಾಕಬೇಕು. ಮೂರು ತಿಂಗಳು ಎಲೆ ಒಣಗದ ತೇವದಲ್ಲಿ, ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿ ನಿತ್ರಾಣಗೊಳಿಸಿದ ಹುಲ್ಲಿಗೆ ಶಿಲೀಂಧ್ರ ರೋಗ ತಪ್ಪದು. ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣ ಹೊಡೆದು ಸುಸ್ತಾದ ನಮ್ಮ ರೈತರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಜಗತ್ತಿನ ಗಾಲ್ಫ್ ಹುಲ್ಲುಹಾಸುಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕಕ್ಕೆ ಐರೋಪ್ಯ ಒಕ್ಕೂಟ 2019ರಲ್ಲಿ ಅನುಮತಿ ನವೀಕರಿಸಲಿಲ್ಲ. ಕಪ್ಪೆಗಳ ಗೊದಮೊಟ್ಟೆಗಳಿಗೆ ಅದು ಮಾರಕ. ನಮ್ಮ ಘಟ್ಟದ ಕಪ್ಪೆಗಳು ಮೊಟ್ಟೆಯಿಡುವುದು ಇದೇ ಮಳೆಗಾಲದ ಇದೇ ತೊರೆಗಳಲ್ಲಿ.

ಮಾರ್ಚಿಯ ಹೊತ್ತಿಗೆ ಕಥೆ ತಿರುಗಿಬೀಳುತ್ತದೆ. ಹುಲ್ಲಿಗೆ ದಿನವೂ ನೀರು ಬೇಕು, ಊರಿನ ಬಾವಿ ತಳ ಕಂಡಿರುತ್ತದೆ. ಗುಡ್ಡದ ನೆತ್ತಿಯ ಹುಲ್ಲುಗಾವಲು, ಅದರ ಮಡಿಲಿನ ಶೋಲಾ, ಇವೇ ನಮ್ಮ ಹೊಳೆಗಳಿಗೆ ಬೇಸಗೆಯಲ್ಲೂ ನೀರೂಡುವ ಸ್ಪಂಜು. ನೋಟ ಚೆನ್ನಾಗಿರುವುದೂ ಅಲ್ಲಿಂದಲೇ ಆದ್ದರಿಂದ ಮೈದಾನಕ್ಕೆ ಆರಿಸುವುದೂ ಅದನ್ನೇ. ಊಟಿಯ ವೆನ್‌ಲಾಕ್ ಡೌನ್ಸ್‌ನಲ್ಲಿ ಬ್ರಿಟಿಷರು ಹೀಗೆಯೇ ಮಾಡಿದರು. ಉಳಿದ ಹುಲ್ಲುಗಾವಲಿನಲ್ಲಿ ಬಹುಭಾಗ ಅಕೇಶಿಯಾ, ನೀಲಗಿರಿ ತೋಪುಗಳ ಪಾಲಾಯಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಈಗಾಗಲೇ ಇರುವ ಮೈದಾನಗಳ ಮೇಲೆ ಯುದ್ಧ ಸಾರಬೇಕೆಂಬುದು ನನ್ನ ವಾದವಲ್ಲ. ಹೊಸದಾಗಿ ಗುಡ್ಡ ಕಡಿದು, ಮೈದಾನದ ಸುತ್ತ ಬಂಗಲೆಗಳನ್ನು ಮಾರಲು ಹೊರಡುವ ಯೋಜನೆಗಳಲ್ಲಿ ಗಾಲ್ಫ್ ಕೇವಲ ಜಾಹೀರಾತಿನ ಚಿತ್ರ, ಸರಕು ನಿವೇಶನ.

ಸ್ಕಾಟ್ಲೆಂಡನ್ನೇ ಪ್ರಮಾಣವಾಗಿ ತರುವವರಿಗೆ ಅಲ್ಲಿಯ ಇತ್ತೀಚಿನ ಚರಿತ್ರೆಯನ್ನೂ ನೆನಪಿಸಬೇಕು. ಅಬರ್ಡೀನ್ ಸಮೀಪದ ಮೆನಿ ಎಂಬಲ್ಲಿ ಡೊನಾಲ್ಡ್ ಟ್ರಂಪ್ ಅವರ ಗಾಲ್ಫ್ ಯೋಜನೆಗೆ 2008ರಲ್ಲಿ ಸ್ಕಾಟಿಷ್ ಸರಕಾರ ಒಪ್ಪಿಗೆಯಿತ್ತಿತು. ಚಲಿಸುವ ಮರಳುದಿಬ್ಬಗಳಿಗಾಗಿ ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ರಕ್ಷಿತವಾಗಿದ್ದ ನೆಲ ಅದು. 2012ರಲ್ಲಿ ಮೈದಾನ ತೆರೆಯಿತು. 2020ರಲ್ಲಿ ಅಲ್ಲಿಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಆ ದಿಬ್ಬಗಳ ರಕ್ಷಿತ ಸ್ಥಾನಮಾನವನ್ನೇ ತೆಗೆದುಹಾಕಿತು, ಏಕೆಂದರೆ ರಕ್ಷಿಸಬೇಕಾದ ಲಕ್ಷಣ ಅಲ್ಲಿ ಉಳಿದಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಉತ್ತರದ ಕೂಲ್ ಲಿಂಕ್ಸಿನ ಇಂಥದೇ ಯೋಜನೆಯನ್ನು ಸರಕಾರ ತಿರಸ್ಕರಿಸಿತು. ಪ್ರವರ್ತಕರು ಹೊಸ ಅರ್ಜಿಯೊಡನೆ ಮತ್ತೆ ಬಂದರು. ನೆಲಕ್ಕೆ ತಕ್ಕ ಆಟ ಬೇರೆ, ಆಟಕ್ಕೆ ತಕ್ಕಂತೆ ನೆಲವನ್ನು ಬಗೆಯುವುದು ಬೇರೆ ಎಂಬ ಜಗಳ ಗಾಲ್ಫಿನ ತವರಿನಲ್ಲೇ ನಡೆಯುತ್ತಿದೆ.

ನಮ್ಮಲ್ಲಿ ಕಾನೂನಿನ ಸ್ಥಿತಿ ಏನು? 2006ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡ ಯೋಜನೆಗಳನ್ನು ಅಳೆಯುವುದು ನಿರ್ಮಿತ ವಿಸ್ತೀರ್ಣದಿಂದ; 20,000 ಚದರ ಮೀಟರು ಮುಟ್ಟಿದರೆ ಪರಿಶೀಲನೆ. ನೂರಿಪ್ಪತ್ತು ಎಕರೆ ಗುಡ್ಡವನ್ನು ಕೆತ್ತಿ ಹುಲ್ಲು ಹಾಸಿದರೆ ಅದರ ಲೆಕ್ಕದಲ್ಲಿ ಅದು ಕಟ್ಟಡವೇ ಅಲ್ಲ, ಹಸಿರು ಬಯಲು. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಹೊಸ ಗಿರಿಧಾಮಗಳು ಬೇಡ, ಸಾರ್ವಜನಿಕ ಭೂಮಿ ಖಾಸಗಿಯಾಗಕೂಡದು ಎಂದು ಶಿಫಾರಸು ಮಾಡಿತು. ಆ ವರದಿಗೆ ಆದ ಗತಿ ಓದುಗರಿಗೆ ತಿಳಿದಿದೆ. ಅದೇ ವರ್ಷದ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಜಗ್‌ಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಊರಿಗೆ ಮರಳಿಸುವ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಸೇಂಟ್ ಆಂಡ್ರ್ಯೂಸ್ 1894ರಲ್ಲಿ ಪಡೆದದ್ದಕ್ಕೆ ಸಮೀಪವಾದ ಅಸ್ತ್ರ ನಮ್ಮ ಕೈಯಲ್ಲಿರುವುದು ಇದೊಂದೇ.

ಏಕೆಂದರೆ ನಮಗೂ ಲಿಂಕ್ಸ್ ಉಂಟು. ಗೋಮಾಳ, ಸೊಪ್ಪಿನ ಬೆಟ್ಟ, ಬಾಣೆ, ಕಾನು, ಇವುಗಳ ಹಕ್ಕಿನ ಸ್ವರೂಪ ಒಂದೊಂದರದು ಒಂದೊಂದು ತೆರವಾದರೂ ಎಲ್ಲವೂ ಉಳುಮೆಯ ಆಚೆಗೆ ಉಳಿದು ಊರನ್ನು ಸಾಕಿದ ನೆಲಗಳೇ. ರಾಜ್ಯದ ಭೂಕಂದಾಯ ನಿಯಮಗಳ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಗೋಮಾಳವಿರಬೇಕು. ಹದಿನೆಂಟು ಕುಳಿಗಳ ಮೈದಾನಕ್ಕೆ 120ರಿಂದ 150 ಎಕರೆ ಬೇಕು. ಅದು 400ರಿಂದ 500 ದನಗಳ ಮೇವಿನ ನೆಲ. ಸಾರ್ವಜನಿಕ ಮೈದಾನ ಎಂದು ಯಾರಾದರೂ ಪ್ರಸ್ತಾವ ತಂದರೆ, ಪಹಣಿಯಲ್ಲಿ ಯಾರ ಹೆಸರಿರುತ್ತದೆ, ಭಾನುವಾರ ಊರಿನವರು ಅಲ್ಲಿ ದನ ಹೊಡೆದುಕೊಂಡು ಹೋಗಬಹುದೇ, ಬೇಸಗೆಯಲ್ಲಿ ಹುಲ್ಲು ಒಣಗಲು ಬಿಡುತ್ತೀರಾ ಎಂದು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿಕೊಳ್ಳಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ದಾಖಲೆಯದು. ನಮ್ಮ ಬಹಳಷ್ಟು ಗ್ರಾಮಗಳಲ್ಲಿ ಗೋಮಾಳವೆಷ್ಟು, ಅದರ ಗಡಿಕಲ್ಲು ಎಲ್ಲಿ ಎಂಬುದು ಹಿರಿಯರ ನೆನಪಿನಲ್ಲಷ್ಟೇ ಇದೆ. ಪ್ರತಿ ಘಟಕದವರೂ ತಮ್ಮ ಗ್ರಾಮದ ನಕ್ಷೆ ಮತ್ತು ಸಾಮುದಾಯಿಕ ಭೂಮಿಯ ಸರ್ವೆ ನಂಬರುಗಳ ಪಟ್ಟಿಗಾಗಿ ಮಾಹಿತಿ ಹಕ್ಕಿನಡಿ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ, ಅಳತೆಗೂ ಕೋರಿಕೆ ಸಲ್ಲಿಸಬೇಕು. ಇದು ಬೇಸಗೆಯೊಳಗೆ ಆಗಲಿ. ಮಳೆ ಹಿಡಿದ ಮೇಲೆ ಸರ್ವೆಯವರು ಗುಡ್ಡ ಹತ್ತುವುದಿಲ್ಲ.